ಓದಿ ಹೇಳುವಾಗ ಸಿಕ್ಕ ತಮ್ಮ

ದೆವ್ವ, ಭೂತ, ಕನಸಿನಲ್ಲಿ ಬಂದು ಹೇಳಿಹೋದ ಹಿರಿಯರು, ಇಂಥ ಮಾತು ಶುರುವಾದರೆ ನಾನು ಎದ್ದು ಚಹಾ ಕುಡಿಯಲು ಹೋಗುತ್ತಿದ್ದವನು. ಕಂದಾಯ ಇಲಾಖೆಯಲ್ಲಿ ಕೂದಲು ಬೆಳ್ಳಗಾಗುವ ತನಕ ನೌಕರಿ ಮಾಡಿದವನಿಗೆ ಕಾಗದದಲ್ಲಿ ಇಲ್ಲದ್ದು ಲೋಕದಲ್ಲೇ ಇಲ್ಲ. ಈಗ ನಾನು ಬರೆಯುತ್ತಿರುವುದನ್ನು ಬೇರೆ ಯಾರಾದರೂ ಹೇಳಿದ್ದರೆ, ನಕ್ಕು, ಸಾಕ್ಷಿ ಯಾರು ಎಂದು ಕೇಳುತ್ತಿದ್ದೆ. ನೀವೂ ಹಾಗೆ ಕೇಳಿದರೆ ನನಗೆ ಬೇಸರವಿಲ್ಲ. ಸಾಕ್ಷಿ ನಾನೊಬ್ಬನೇ, ಜೊತೆಗೆ ನನ್ನ ಕೈಬರಹ.

ನಾಲ್ಕು ವರ್ಷದ ಹಿಂದಿನ ಮಾತು. ನಿವೃತ್ತನಾಗಿ ಗಂಗಾವತಿಯ ಮನೆಯಲ್ಲಿ ಪೇಪರು ಓದುತ್ತ, ಹೆಂಡತಿಯ ಅಡುಗೆಯಲ್ಲಿ ತಪ್ಪು ಹುಡುಕುತ್ತ ಕೂತಿದ್ದೆ. ಅವಳಿಗೆ ಅದು ತಡೆಯಲಾಗಲಿಲ್ಲವೆಂದು ಕಾಣುತ್ತದೆ. ಒಂದು ದಿನ, "ಊರ ಮಂದಿ ವಂಶಾವಳಿ ಎಲ್ಲಾ ಬರದೀರಿ. ನಮ್ಮ ಅಮ್ಮಂದೊಂದು ಬರದ್ರ ಕೈ ಸವೀತಾವೇನು?" ಎಂದಳು. ಅಮ್ಮ ಎಂದರೆ ಅವಳ ಅಜ್ಜಿ, ನವಲಿಯ ಶಾಂತವ್ವ. ತೊಂಬತ್ತರ ಹತ್ತಿರದ ವಯಸ್ಸು. ಹಲ್ಲಿಲ್ಲ, ಆದರೆ ನೆನಪು ನನಗಿಂತ ಗಟ್ಟಿ. ಆಕೆ ಇರುವಾಗಲೇ ಆಕೆಯ ಬದುಕನ್ನೂ ಬಳಗವನ್ನೂ ಬರೆದಿಡಬೇಕೆಂದು ಮೊಮ್ಮಕ್ಕಳಿಗೆಲ್ಲ ಆಸೆ.

ಒಪ್ಪಿದೆ. ಒಂದು ಉದ್ದನೆಯ ನೋಟ್‌ಬುಕ್ಕು, ಧ್ವನಿ ಹಿಡಿಯಲು ಮೊಬೈಲು ಹಿಡಿದು ವಾರಕ್ಕೆ ಎರಡು ಸಲ ನವಲಿಗೆ ಹೋಗತೊಡಗಿದೆ. ಕೆಲಸದ ರೀತಿ ಮಾತ್ರ ಇಲಾಖೆಯದೇ. ಪ್ರತಿ ಹೆಸರಿಗೂ ಇದ್ದಾರೋ ಇಲ್ಲವೋ ಎಂದು ಕೇಳುವುದು, ತೀರಿಕೊಂಡಿದ್ದರೆ ಮುಂದೆ 'ಮಯತ' ಎಂದು ಬರೆಯುವುದು. ಕೊನೆಗೆ ಎಲ್ಲವನ್ನೂ ಹೇಳಿದವರಿಗೇ ಓದಿ ಹೇಳಿ, ಸರಿ ಇದೆ ಎಂದು ಒಪ್ಪಿಸಿಕೊಳ್ಳುವುದು. ಓದಿ ಹೇಳದ ಹೇಳಿಕೆಗೆ ಬೆಲೆ ಇಲ್ಲ ಎಂದು ನನ್ನ ಹಿರಿಯ ಅಧಿಕಾರಿಯೊಬ್ಬರು ಕಲಿಸಿದ್ದರು.

ಅಮ್ಮ ಗಂಡನ ಮನೆಯ ಐದು ತಲೆಮಾರನ್ನು ನೀರು ಕುಡಿದಷ್ಟು ಸಲೀಸಾಗಿ ಹೇಳಿದಳು. ಯಾರಿಗೆ ಯಾರನ್ನು ತಂದದ್ದು, ಯಾವ ಸೊಸೆ ಜಗಳಗಂಟಿ, ಯಾವ ಮೈದುನ ಕದ್ದು ಬೆಲ್ಲ ತಿನ್ನುತ್ತಿದ್ದ, ಎಲ್ಲವೂ ಬಂತು. ಮೂರು ವಾರದಲ್ಲಿ ಕೆಲಸ ಮುಗಿಯಿತೆಂದು ನಾನು ಪೆನ್ನಿನ ಮುಚ್ಚಳ ಹಾಕಿದೆ.

"ನನ್ನ ತವರಮನಿ ಬರಕೊಳ್ಳಂಗಿಲ್ಲೇನ್ರಿ ಅಳಿಯಂದ್ರ?" ಎಂದಳು.

ನಿಜ ಹೇಳುತ್ತೇನೆ, ನನಗೆ ಅದು ಹೊಳೆದೇ ಇರಲಿಲ್ಲ. ಹೊಲದ ವಾರಸುದಾರಿಕೆಗೆ ಬರೆಯುವ ವಂಶಾವಳಿಯಲ್ಲಿ ಸೊಸೆಯ ತವರು ಬರುವುದಿಲ್ಲ. ಎಷ್ಟೋ ಹೆಣ್ಣುಮಕ್ಕಳನ್ನು ನಾನು 'ಹೆಂಡತಿ' ಎಂಬ ಒಂದೇ ಮಾತಿನಲ್ಲಿ ಮುಗಿಸಿದ್ದೆ. ನಾಚಿಕೆಯಾಯಿತು. ಮುಚ್ಚಳ ತೆಗೆದೆ.

ಯಲಬುರ್ಗಾ ಕಡೆಯ ಸಣ್ಣ ಊರು ಆಕೆಯದು. ಅಪ್ಪ ಭೀಮಪ್ಪ, ಅವ್ವ ಹುಲಿಗೆವ್ವ. ಆಕೆ ಒಬ್ಬಳೇ ಮಗಳು, ಇಟ್ಟ ಹೆಸರು ಗಿರಿಜವ್ವ. ಹನ್ನೊಂದು ವರ್ಷಕ್ಕೆ ಮದುವೆ ಮಾಡಿ ನವಲಿಗೆ ಕೊಟ್ಟರು. ಅತ್ತೆಯ ಹೆಸರೂ ಗಿರಿಜವ್ವನೇ. ಮಗನಾದವನು ಹೆಂಡತಿಯನ್ನು ಹೆತ್ತವ್ವನ ಹೆಸರು ಹಿಡಿದು ಕೂಗುವುದು ಹೇಗೆ? ತಲೆಬಾಗಿಲಲ್ಲೇ ಸೊಸೆಯ ಹೆಸರು ಬದಲಿಸಿ ಶಾಂತವ್ವ ಎಂದರು. ಎರಡು ವರ್ಷದ ನಂತರ ನಿಜಾಮನ ಸೀಮೆಯಲ್ಲೆಲ್ಲ ರಜಾಕಾರರ ಗದ್ದಲ. ಅಪ್ಪ ಅವ್ವ ಬಂಡಿ ಕಟ್ಟಿಕೊಂಡು ಸರಹದ್ದು ದಾಟಿ ಹೋದರು. ಅಲ್ಲಿ ಜ್ವರ ಬಿದ್ದು ಇಬ್ಬರೂ ತೀರಿಕೊಂಡರೆಂದು ವರ್ಷದ ಮೇಲೆ ಸುದ್ದಿ ಬಂತು.

"ಅಲ್ಲಿಗೆ ತವರು ಮುಗೀತ್ರಿ," ಎಂದಳು. "ನಾಗರ ಪಂಚಮಿ ಬಂತಂದ್ರ ಓಣ್ಯಾನ ಸೊಸ್ತ್ಯಾರನ್ನೆಲ್ಲಾ ಕರಿಯಾಕ ಅಣ್ಣತಮ್ಮರು ಬರತಿದ್ರು. ನಾ ಒಳಗ ಕುಂತು ಅವರ ಸಲುವಾಗಿ ಉಂಡಿ ಕಟ್ಟತಿದ್ದೆ. ನನ್ನ ಕರಿಯಾಕ ಒಂದ್ ನರಪಿಳ್ಳಿ ಬರಲಿಲ್ಲ."

ಭೀಮಪ್ಪ, ಮಯತ. ಹುಲಿಗೆವ್ವ, ಮಯತ. ಕೆಳಗೆ ಗಿರಿಜವ್ವ ಎಂದು ಬರೆದೆ. ಮಧ್ಯಾಹ್ನದ ಊಟವಾಗಿತ್ತು, ಬಿಸಿಲು ಅಂಗಳದಲ್ಲಿತ್ತು, ಮೇಲೆ ಫ್ಯಾನು ತಿರುಗುತ್ತಿತ್ತು. ಅಮ್ಮ ಇನ್ನೂ ಏನೋ ಹೇಳಿದಳು, ನಾನು ಬರೆದುಕೊಂಡೆ, ಆಮೇಲೆ ಆಕೆ ಗೋಡೆಗೆ ಒರಗಿ ನಿದ್ದೆ ಹೋಗಿದ್ದನ್ನು ನೋಡಿ ನಾಲ್ಕರ ಬಸ್ಸಿಗೆ ಹೊರಟುಬಂದೆ. ನನ್ನ ನೆನಪಿನಲ್ಲಿ ನಡೆದದ್ದು ಇಷ್ಟೇ.

ಮೂರು ದಿನ ಬಿಟ್ಟು ಹೋಗಿ, ರೂಢಿಯಂತೆ ಓದಿ ಹೇಳತೊಡಗಿದೆ. ಅಮ್ಮ ಹೂಂ ಹೂಂ ಎನ್ನುತ್ತಿದ್ದಳು. ಗಿರಿಜವ್ವ ಎಂದು ಓದಿ ಮುಂದಿನ ಸಾಲಿಗೆ ಬಂದೆ. "ತಮ್ಮ ಅಡಿವೆಪ್ಪ. ಹನುಮಸಾಗರದಾಗ ಅದಾನ."

"ತಡೀರಿ," ಎಂದಳು. "ಯಾವ ತಮ್ಮ?"

"ನೀವ ಹೇಳೀರಲ್ಲಮ್ಮ."

"ನಾ ಒಬ್ಬಾಕೇ ಮಗಳು. ತಮ್ಮ ಎಲ್ಲಿಂದ ಬರಬೇಕು?"

ನಾನು ಸಾಲನ್ನು ಮತ್ತೆ ನೋಡಿದೆ. ಅಕ್ಷರ ನನ್ನದೇ, ಶಾಯಿ ಅದೇ. ಆದರೆ ನಾನು ಕಾಗದದಲ್ಲಿ 'ಅದಾನ' ಎಂದು ಎಂದೂ ಬರೆದವನಲ್ಲ. 'ವಾಸವಾಗಿದ್ದಾರೆ' ಎಂದು ಬರೆದೇ ಬೆರಳು ಡೊಂಕಾಗಿವೆ. ಯಾರೋ ಹೇಳಿದ್ದನ್ನು ಹೇಳಿದ ಹಾಗೆಯೇ ಇಳಿಸಿಕೊಂಡಂತಿತ್ತು. ಮೊಬೈಲು ತೆಗೆದು ಆ ದಿನದ ಧ್ವನಿ ಹಚ್ಚಿದೆ.

ಉಂಡಿಯ ಮಾತು ಬಂತು, ಅಮ್ಮನ ನಿಟ್ಟುಸಿರು ಬಂತು. ಆಮೇಲೆ ಫ್ಯಾನಿನ ಸಪ್ಪಳ. ಸ್ವಲ್ಪ ಹೊತ್ತಿಗೆ ಅಮ್ಮನ ಸಣ್ಣ ಗೊರಕೆ. ಆ ಗೊರಕೆಯ ನಡುವೆ ನನ್ನ ದನಿ ಕೇಳಿತು, ಕಚೇರಿಯಲ್ಲಿ ಹೇಳಿಕೆ ಬರೆದುಕೊಳ್ಳುವಾಗಿನ ದನಿ. "ಹೂಂ. ಹೇಳ್ರಿ." ತಡೆದು, "ಹನುಮಸಾಗರ. ಇದ್ದಾರೇನು?" ಮತ್ತೆ ತಡೆದು, "ಆತ್ರಿ, ಬರಕೊಂಡೆ." ನಾನು ಉತ್ತರ ಕೊಡುತ್ತಿದ್ದೆ, ನನಗೆ ಹೇಳುತ್ತಿದ್ದವರ ದನಿ ಮಾತ್ರ ಅದರಲ್ಲಿ ಇರಲಿಲ್ಲ. ಮೂರು ಸಲ ಹಚ್ಚಿದರೂ ಅದೇ.

ಅಮ್ಮ ಹೆದರಲಿಲ್ಲ. ಆಕೆಯ ಮುಖದಲ್ಲಿ ಎದ್ದ ಆಸೆಯನ್ನು ನೋಡಿ ಹೆದರಿದವನು ನಾನು. ಈ ವಯಸ್ಸಿನಲ್ಲಿ ಇಲ್ಲದ ತಮ್ಮನನ್ನು ತೋರಿಸಿ ಕಸಿದುಕೊಂಡರೆ ಆ ಪಾಪ ಯಾರಿಗೆ?

"ಅಮ್ಮ, ನನ್ನ ಕೈ ತಪ್ಪಿರಬೇಕು," ಎಂದೆ.

"ತಪ್ಪಿದ್ರ ತಪ್ಪಿತು. ಎಪ್ಪತ್ತು ವರ್ಷ ಪಂಚಮಿಗೆ ಬಾಗಲಾ ನೋಡೀನಿ. ನೀವು ಒಂದ್ ದಿನ ಬಸ್ಸಿನ್ಯಾಗ ಕುಂತ್ರ ನಿಮ್ಮ ಗಂಟೇನು ಹೋಗತೈತಿ?"

ಪಂಚಮಿಗೆ ಎಂಟು ದಿನವಿತ್ತು. ಮರುದಿನ ಬೆಳಿಗ್ಗೆ ಕುಷ್ಟಗಿಯ ಬಸ್ಸು ಹಿಡಿದೆ. ನಾನು ಆ ತಾಲೂಕಿನಲ್ಲಿ ಒಂದು ದಿನವೂ ನೌಕರಿ ಮಾಡಿದವನಲ್ಲ, ಅಲ್ಲಿ ನನ್ನ ಬೀಗರಿಲ್ಲ, ಗೆಳೆಯರಿಲ್ಲ. ಹನುಮಸಾಗರದ ಚಹಾದಂಗಡಿಯಲ್ಲಿ, ಅಡಿವೆಪ್ಪ ಎನ್ನುವ ವಯಸ್ಸಾದವರು ಯಾರಾದರೂ ಇದ್ದಾರೆಯೇ ಎಂದು ಕೇಳಿದಾಗ, ಇಲ್ಲ ಎನ್ನಲಿ ಎಂದೇ ಮನಸ್ಸು ಬೇಡುತ್ತಿತ್ತು. ಅಂಗಡಿಯವನು ಹಿಟ್ಟಿನ ಗಿರಣಿಯ ಕಡೆ ಕೈ ತೋರಿಸಿದ.

ಗಿರಣಿಯ ಕಟ್ಟೆಯ ಮೇಲೆ ಎಪ್ಪತ್ತು ದಾಟಿದ ಮುದುಕ ಕೂತಿದ್ದ. ಹುಬ್ಬಿನ ಮೇಲೂ ಜೋಳದ ಹಿಟ್ಟು. ನಾನು ಏನನ್ನೂ ಬಿಟ್ಟುಕೊಡದೆ, ಹಳೆಯ ಚಾಳಿಯಂತೆ ಕೇಳುತ್ತ ಹೋದೆ. ತಂದೆಯ ಹೆಸರು?

"ಭೀಮಪ್ಪ ಅಂತರಿ."

ತಾಯಿಯ ಹೆಸರು?

"ಹುಲಿಗೆವ್ವ. ನಾ ನೋಡಿಲ್ರಿ. ಗದ್ದಲದಾಗ ಓಡಿ ಹೋಗುಮುಂದ ಅಡವ್ಯಾಗ ಹುಟ್ಟಿದವ ನಾನು. ಅವ್ವ ಉಳೀಲಿಲ್ಲ, ಅಪ್ಪನೂ ಉಳೀಲಿಲ್ಲ. ದೂರದ ಚಿಗವ್ವ ಒಬ್ಬಾಕಿ ಎತ್ತಿಕೊಂಡು ಈ ಊರಿಗೆ ಬಂದ್ಲು."

ಒಡಹುಟ್ಟಿದವರು?

"ಅಕ್ಕ ಇದ್ಲಂತ್ರಿ, ಗಿರಿಜವ್ವ. ಗಂಗಾವತಿ ಸೀಮಿಗೆ ಕೊಟ್ಟಿದ್ರಂತ, ಊರು ಚಿಗವ್ವಗ ಗೊತ್ತಿರಲಿಲ್ಲ. ಹರೇದಾಗ ಆ ಕಡಿ ಹತ್ತಾರು ಹಳ್ಳಿ ತಿರುಗೀನಿ. ನವಲಿಗೂ ಹೋಗಿದ್ದೆ. ಭೀಮಪ್ಪನ ಮಗಳು ಗಿರಿಜವ್ವ ಅಂದ್ರ ಎಲ್ಲಾರೂ ಇಲ್ಲ ಅಂದ್ರು. ಸತ್ತಿರಬೇಕು ಅಂತ ಬಿಟ್ಟೆ. ಯಾಕ ಕೇಳ್ತೀರಿ?"

ನಾನು ಅತ್ತುಬಿಟ್ಟೆ. ನೌಕರಿಯಲ್ಲಿ ಎಂದೂ ಅಳದವನು ಜೋಳದ ಚೀಲಗಳ ನಡುವೆ ನಿಂತು ಅತ್ತೆ. ಈತ ಆಕೆಯ ಊರಿಗೇ ಬಂದಿದ್ದ. ಶಾಂತವ್ವನಾಗಿದ್ದ ಅಕ್ಕ ಒಳಗೆ ರೊಟ್ಟಿ ಬಡಿಯುತ್ತಿದ್ದಳೋ ಏನೋ, ಹೊರಗೆ ಯಾರೋ, ಭೀಮಪ್ಪನ ಮಗಳು ಗಿರಿಜವ್ವ ಇಲ್ಲಿ ಇಲ್ಲ ಎಂದು ಹೇಳಿ ಕಳಿಸಿದ್ದರು. ನಿಮಗೆ ಯಾರು ಹೇಳಿದರು ಎಂದು ಅಡಿವೆಪ್ಪ ಕೇಳಿದಾಗ, ನನಗೆ ಗೊತ್ತಿದ್ದ ಒಂದೇ ಉತ್ತರ ಕೊಟ್ಟೆ. "ದಾಖಲ್ಯಾಗ ಐತ್ರಿ."

ಪಂಚಮಿಯ ಮುಂಚಿನ ದಿನ ಅಡಿವೆಪ್ಪ ಮಗನ ಗಾಡಿಯಲ್ಲಿ ನವಲಿಗೆ ಬಂದ. ಕೈಯಲ್ಲಿ ಹಸಿರು ಸೀರೆ, ಕುಪ್ಪಸ, ಒಂದು ಬುಟ್ಟಿ ಶೇಂಗಾ ಉಂಡಿ. ಓಣಿಯ ಮಂದಿಯೆಲ್ಲ ಕಟ್ಟೆಗೆ ಬಂದು ನಿಂತಿದ್ದರು. ಅವನು ಬಾಗಿಲಲ್ಲಿ ನಿಂತು, "ಗಿರಿಜಕ್ಕಾ," ಎಂದು ಕೂಗಿದ. ಆ ಮನೆಯಲ್ಲಿ ಆ ಹೆಸರು ಹಿಡಿದು ಆಕೆಯನ್ನು ಯಾರೂ ಕರೆದಿರಲಿಲ್ಲ. ಕಿವಿ ಮಂದವೆಂದು ನಾವೆಲ್ಲ ಕೂಗಿ ಮಾತಾಡಿಸುತ್ತಿದ್ದ ಅಮ್ಮ ಒಳಗಿನಿಂದ ಒಂದೇ ಸಲಕ್ಕೆ, "ಓ, ಬಂದೆ," ಎಂದಳು.

ಆ ಸಾಲು ನನ್ನ ಕೈಗೆ ಹೇಗೆ ಬಂತು? ಮಂಪರಿನಲ್ಲಿ ಬರೆದೆ ಎನ್ನೋಣ, ಆದರೆ ಮಂಪರಿಗೆ ಅಡಿವೆಪ್ಪನ ಹೆಸರು ಹೇಳಿದವರು ಯಾರು? ಹಿಂದೆಂದೋ ಕೇಳಿದ್ದು ನೆನಪಿನ ಮೂಲೆಯಲ್ಲಿತ್ತು ಎನ್ನೋಣ, ಎಲ್ಲಿ ಕೇಳಿದ್ದೆ? ನಾಲ್ಕು ವರ್ಷದಿಂದ ಕೇಳಿಕೊಳ್ಳುತ್ತಿದ್ದೇನೆ. ಆ ಧ್ವನಿ ಇನ್ನೂ ನನ್ನ ಹತ್ತಿರವಿದೆ.

ಅಂದು ಅಮ್ಮ ಹಸಿರು ಸೀರೆ ಉಟ್ಟು, ಸೊಸೆಯಂದಿರನ್ನು ಸಾಲಾಗಿ ನಿಲ್ಲಿಸಿ, "ಹದಿನೈದು ದಿನ ಬರಂಗಿಲ್ಲ. ನಡುವ ಕರಿಯಾಕ ಯಾರನ್ನೂ ಕಳಿಸಬ್ಯಾಡ್ರಿ," ಎಂದು ಹೇಳಿ ಗಾಡಿ ಹತ್ತಿದಳು. ನಾನು ಕಿಟಕಿಯ ಹತ್ತಿರ ಹೋಗಿ, ಆ ಮಧ್ಯಾಹ್ನ ನನಗೆ ಹೇಳಿ ಬರೆಸಿದವರು ಯಾರೆಂದು ನಿಮಗೇನಾದರೂ ಅನಿಸುತ್ತದೆಯೇ ಎಂದು ಮೆಲ್ಲಗೆ ಕೇಳಿದೆ.

ಅಮ್ಮ ಸೆರಗು ಸರಿಮಾಡಿಕೊಂಡಳು. "ಅದನ್ನ ನೀವ ಕುಂತು ಹುಡುಕ್ರಿ ಅಳಿಯಂದ್ರ," ಎಂದಳು. "ನಾ ತವರಿಗೆ ಹೊಂಟೀನಿ."