ಜಡೆ ಕೋಲಾಟದ ಮನೆಗೆ ಕೊನೆಯ ಸಲ

ಬಾಶೆಟ್ಟಿಹಳ್ಳಿಯ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ ದೊಡ್ಡಬಳ್ಳಾಪುರದ ಬಸ್ ನಿಲ್ದಾಣಕ್ಕೆ ಬಂದೆ. ದೊಡ್ಡಮ್ಮ ಆಗಲೇ ಅರಿಶಿನಕುಂಟೆಯಿಂದ ಬಂದು ಕೂತಿದ್ದಳು. ಕುಂದಾಣದ ಆಚೆಗಿರುವ ಅವಳ ತವರಿನಲ್ಲಿ ಹಳೇ ಭಜನೆ ಮನೆಯನ್ನು ಆ ವಾರ ಕೆಡವುತ್ತಾರಂತೆ. ಅದಕ್ಕೆ ಮೊದಲು ನೋಡಲೇಬೇಕು, ನೀನೂ ಬಾ ಎಂದು ಹಟ ಹಿಡಿದಿದ್ದಳು. ನನಗೆ ಬೇಕಿದ್ದದ್ದು ನಿದ್ದೆ ಮಾತ್ರ.

ದೇವನಹಳ್ಳಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ, ಹಾಗಾಗಿ ಸೀಟೂ ಇಲ್ಲ. ಕಂಬಿ ಹಿಡಿದು ನಿಂತೇ ತೂಕಡಿಸುತ್ತ, ಚಿಕ್ಕಂದಿನಿಂದ ಕೇಳಿದ ಕತೆಯನ್ನೇ ಮತ್ತೆ ಕೇಳಿದೆ. ಭಜನೆ ಮನೆಯ ತೊಲೆಯಿಂದ ಬಣ್ಣದ ಹಗ್ಗಗಳನ್ನು ಇಳಿಬಿಟ್ಟು ಹುಡುಗಿಯರು ಜಡೆ ಕೋಲಾಟ ಆಡುತ್ತಿದ್ದರು. ಒಂದು ಕೈಯಲ್ಲಿ ಹಗ್ಗ, ಇನ್ನೊಂದರಲ್ಲಿ ಕೋಲು. ಒಳಗೆ ಹೊರಗೆ ಸುತ್ತುತ್ತ ಹೋದಂತೆ ಹಗ್ಗ ಜಡೆಯಾಗುತ್ತದೆ. ಆಮೇಲೆ ಅದೇ ಹೆಜ್ಜೆಯಲ್ಲಿ ಹಿಂದಕ್ಕೆ ಸುತ್ತಿ ಬಿಚ್ಚಬೇಕು. ಬಿಚ್ಚದೆ ಬಿಟ್ಟರೆ ಅಪಶಕುನ. ಒಂದು ಸಲ ದೊಡ್ಡಮ್ಮನ ಜೋಡಿ ಪುಟ್ಟಮ್ಮ ಹೆಜ್ಜೆ ತಪ್ಪಿ, ಹಗ್ಗವೆಲ್ಲ ಗಂಟಾಗಿ, ಕುಡುಗೋಲಿನಿಂದ ಕೊಯ್ಯಬೇಕಾಯಿತಂತೆ.

ಈ ಸಲ ದೊಡ್ಡಮ್ಮ ಕತೆಯನ್ನು ಅಲ್ಲಿಗೆ ನಿಲ್ಲಿಸಲಿಲ್ಲ. "ತಪ್ಪಿದ್ದು ನಾನು ಕಣೇ," ಎಂದಳು. ಅವಳಿಗೆ ಆಗ ಮದುವೆ ಗೊತ್ತಾಗಿತ್ತು. ಅಪಶಕುನದ ಮಾತು ಗಂಡಿನ ಮನೆಗೆ ಹೋದೀತೆಂದು ಪುಟ್ಟಮ್ಮ ತಾನೇ ತಪ್ಪಿದೆ ಎಂದುಬಿಟ್ಟಿದ್ದರು. ನಾಚಿಕೆಗೆ ದೊಡ್ಡಮ್ಮ ಮತ್ತೆ ಅವರ ಮುಖ ನೋಡಿರಲಿಲ್ಲ. ಕೆಡವುವ ಮೊದಲು ಆ ಮನೆಯಲ್ಲೇ, ಎಲ್ಲರ ಮುಂದೆ, ನಿಜ ಹೇಳಿಬಿಡಬೇಕೆಂಬುದು ಅವಳ ಆಸೆ.

ಕುಂದಾಣದ ಕಡೆಯ ತಿರುವಿನಲ್ಲಿ ಇಳಿದೆವು. ಆಟೋದವನು ನೂರು ಕೇಳಿ ಎಂಬತ್ತಕ್ಕೆ ಬಂದ. ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ದಾರಿಯುದ್ದಕ್ಕೂ ದ್ರಾಕ್ಷಿ ಚಪ್ಪರ, ಲೇಔಟಿನ ಕಲ್ಲುಗಳು, ತಲೆಯ ಮೇಲೆ ವಿಮಾನದ ಸದ್ದು. ಹೋಟೆಲಿನಲ್ಲಿ ತಟ್ಟೆ ಇಡ್ಲಿ ತಿಂದಾಗ ಅಲ್ಲೇ ಬೆಂಚಿನ ಮೇಲೆ ಮಲಗಿಬಿಡೋಣ ಅನ್ನಿಸಿತು.

ಭಜನೆ ಮನೆ ಇಷ್ಟೇ ಇಷ್ಟು. ನಮ್ಮ ಮನೆಯ ಕತೆಗಳಲ್ಲಿ ಯಾರು ಯಾರನ್ನು ಕಣ್ಣಲ್ಲೇ ಮಾತಾಡಿಸಿದರು, ಯಾರ ಸಂಬಂಧ ಕುದುರಿತು ಎಂಬುದೆಲ್ಲ ಇಲ್ಲೇ ನಡೆಯುತ್ತಿತ್ತು. ಹಾಗಾಗಿ ಅದು ಛತ್ರದಷ್ಟಾದರೂ ದೊಡ್ಡದಿರಬೇಕೆಂದುಕೊಂಡಿದ್ದೆ. ನನಗೆ ಬೇಜಾರೇ ಆಯಿತು. ಹೆಂಚು ಇಳಿಸಿದ್ದರು. ಜಗುಲಿಯ ಮೇಲೆ ನಾಲ್ಕಾರು ಹೆಂಗಸರು ಕೂತಿದ್ದರು, ನಡುವೆ ಪುಟ್ಟಮ್ಮ.

ದೊಡ್ಡಮ್ಮ ಕ್ಷೇಮ ಕೂಡ ವಿಚಾರಿಸಲಿಲ್ಲ. ನಿಂತಲ್ಲೇ ಎಲ್ಲವನ್ನೂ ಹೇಳಿ ಅತ್ತಳು. ಹೆಂಗಸರು ಅವಳನ್ನು ಬಿಟ್ಟು ಪುಟ್ಟಮ್ಮನ ಮುಖ ನೋಡಿದರು.

"ಸುಳ್ಳು," ಎಂದರು ಪುಟ್ಟಮ್ಮ. "ತಪ್ಪಿದ್ದು ನಾನೇ."

ಆಮೇಲೆ ದೊಡ್ಡಮ್ಮನನ್ನು ಕೈಹಿಡಿದು ಒಳಗೆ ಕರೆದೊಯ್ದರು. ನಾನೂ ಹಿಂದೆಯೇ ಹೋದೆ. ಅಂದು ಕುಡುಗೋಲು ತಂದು ಹಗ್ಗ ಕೊಯ್ದವರೇ ಮುಂದೆ ಪುಟ್ಟಮ್ಮನನ್ನು ಮದುವೆಯಾದದ್ದಂತೆ. ಅಪಶಕುನದ ಹುಡುಗಿಯೆಂದು ಯಾರೂ ನೋಡಲು ಬಾರದಿದ್ದಾಗ ಅವರೇ ಬಂದು ಕೇಳಿದ್ದರಂತೆ. ಅವರು ತೀರಿಕೊಂಡು ಒಂದು ವರ್ಷವೂ ಆಗಿರಲಿಲ್ಲ.

"ಹೆಜ್ಜೆ ತಪ್ಪಿದೋಳು ಅಂತ ಸಾಯೋವರೆಗೂ ನನ್ನ ರೇಗಿಸ್ತಿದ್ರು," ಎಂದರು ಪುಟ್ಟಮ್ಮ. "ಆ ತಪ್ಪು ಈಗ ನಂದು ಕಣೇ. ನಿಂಗೆ ವಾಪಸ್ ಕೊಡಲ್ಲ."

ಊಟ ಮಾಡಿಕೊಂಡು ಹೊರಟೆವು. ಆಟೋ ಹತ್ತುವ ಮೊದಲು ಯಾರದೋ ಸೊಸೆ ಬಂದು, ಹಗ್ಗ ಕೊಯ್ದದ್ದು ಯಾಕೆಂದು ದೊಡ್ಡಮ್ಮನನ್ನೇ ಕೇಳಿದಳು. ದೊಡ್ಡಮ್ಮ ಒಮ್ಮೆ ಭಜನೆ ಮನೆಯತ್ತ ತಿರುಗಿ ನೋಡಿದಳು.

"ನಮ್ಮ ಪುಟ್ಟಿ ಹೆಜ್ಜೆ ತಪ್ಪಿದ್ಲು," ಎಂದಳು.