ಉಬ್ಬರದ ಹೊತ್ತಿಗೇ ನಿಲ್ಲುವ ಪಂಪು

ಬೆಳಕು ಹರಿಯುತ್ತಿದೆ. ಸೆಮಾರಾಂಗ್ ಬಂದರು ನಗರದ ಉತ್ತರ ಭಾಗದ ಮೀನುಗಾರರ ಕೇರಿಯಲ್ಲಿ ಸಮುದ್ರ ಮತ್ತೆ ಬೀದಿಗೆ ಬಂದಿದೆ. ಪಂಪ್‌ಮನೆಯ ಮೆಟ್ಟಿಲ ಮೇಲೆ ಪ್ಯಾಂಟು ಮಡಚಿ ಕೂತ ಪ್ರೋಗ್ರಾಮರ್ ವೆನಿಂಗ್, ತೊಡೆಯ ಮೇಲಿನ ಲ್ಯಾಪ್‌ಟಾಪ್ ನೋಡುತ್ತ ಹಲ್ಲು ಕಡಿಯುತ್ತಾರೆ. ಪಂಪು ಗುರ್ರೆಂದು ಶುರುವಾಗುತ್ತದೆ, ಕೆಮ್ಮಿ ನಿಲ್ಲುತ್ತದೆ, ಮತ್ತೆ ಮೊದಲಿಂದ.

ಎದುರುಮನೆಯ ಜುಮಿರಾ ಹೊಸ್ತಿಲಿಂದ ನೀರು ಗುಡಿಸುತ್ತ, ಅಕ್ಕ ಎನ್ನುವ ಹಾಗೆ ಮ್ಬಾಕ್ ಎಂದು ಕರೆದು ಕೆಣಕುತ್ತಾರೆ: “ಏನ್ ಮ್ಬಾಕ್, ನೀವು ಕೈ ಹಾಕಿದ್ಮೇಲೇ ಇದು ಕೆಟ್ಟಿದ್ದಲ್ವಾ?”

“ಹೌದು ಬು, ನಾನೇ ಕೆಡಿಸಿದ್ದು. ಅದಕ್ಕೇ ಇಲ್ಲಿ ಕೂತಿದೀನಿ,” ಎನ್ನುವ ವೆನಿಂಗ್ ಅವರ ಬಾಯಲ್ಲಿ ಬು ಅಂದರೆ ಅಮ್ಮ.

ಮಾತು ಸುಳ್ಳಲ್ಲ. ನಾವು ಬರೆದ ಪ್ರೋಗ್ರಾಮನ್ನು ಎಲೆಕ್ಟ್ರಾನಿಕ್ ಚಿಪ್ಪಿಗೆ ಅರ್ಥವಾಗುವಂತೆ ಇಳಿಸಿಕೊಡುವುದು ಕಂಪೈಲರ್. ನೀರಿನ ಮಟ್ಟ ಅಳೆಯುವ ಹೊಸ ಸೆನ್ಸರ್ ಬಂದಾಗ, ಕಂಪೈಲರ್ ಇಳಿಸಿಕೊಟ್ಟದ್ದಕ್ಕೆ ಪಂಪಿನ ಹಳೆಯ ಚಿಪ್ಪಿನಲ್ಲಿ ಜಾಗ ಸಾಲಲಿಲ್ಲ. ಚಿಪ್ಪಿನ ಭಾಷೆಯ ಆ ಅಸೆಂಬ್ಲಿ ಸಾಲುಗಳನ್ನೇ ವೆನಿಂಗ್ ಕೈಯಾರೆ ಕತ್ತರಿಸಿ, ತೇಪೆ ಹಾಕಿ ಒಳಗೆ ತೂರಿಸಿದರು. ಕಚೇರಿಯ ಮೇಜಿನ ಮೇಲೆ ಎಲ್ಲ ಸರಿಯಿತ್ತು. ಕೇರಿಯಲ್ಲಿ, ಅದೂ ನೀರೇರಿದಾಗಲೇ, ಕ್ರ್ಯಾಶ್.

ಕಂಪೈಲರ್ ಬರೆದದ್ದನ್ನು ಮುಟ್ಟು ಅಂದದ್ದು ಯಾರು ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ಮುಟ್ಟು ಅಂದಿದ್ದ ಮೇಲಧಿಕಾರಿ ಹಾರ್ತೋನೋ ಸಾಹೇಬರೇ ಈಗ ಕಚೇರಿಯಿಂದ ಫೋನಿನಲ್ಲಿ, ಇಲ್ಲಿ ಚೆನ್ನಾಗಿ ಓಡುತ್ತಿದೆಯಲ್ಲ ಎನ್ನುತ್ತಾರೆ.

“ಅಲ್ಲಿ ಸಮುದ್ರ ಇಲ್ವಲ್ಲ ಪಾಕ್,” ಎಂದು, ಮರ್ಯಾದೆಯ ‘ಪಾಕ್’ ಬಿಡದೆಯೇ, ವೆನಿಂಗ್ ಫೋನ್ ಇಡುತ್ತಾರೆ.

ವೆನಿಂಗ್ ಬಂದರಿನ ವೆಲ್ಡರ್ ಒಬ್ಬರ ಮಗಳು, ಓದಿದ್ದು ಪಾಲಿಟೆಕ್ನಿಕ್. ಪಂಪ್‌ಮನೆಯ ಉದ್ಘಾಟನೆಯ ಫಲಕದಲ್ಲಿ ಗುತ್ತಿಗೆದಾರರ ಹೆಸರಿದೆ, ಅಧಿಕಾರಿಗಳ ಹೆಸರಿದೆ. ಬೈಯಬೇಕಾದಾಗ ಮಾತ್ರ ಕೇರಿಗೆ ವೆನಿಂಗ್ ಹೆಸರು ಬೇಕು.

ನೀರು ಮತ್ತೆ ಅಳತೆಗೋಲಿನ ಕೆಂಪು ಗೆರೆ ದಾಟುತ್ತದೆ. ಪಂಪು ನಿಲ್ಲುತ್ತದೆ. ಈ ಸಲ ಒಂದೊಂದೇ ಸಾಲು ಹಿಂಬಾಲಿಸುತ್ತಿದ್ದ ವೆನಿಂಗ್ ಹಣೆ ಚಚ್ಚಿಕೊಳ್ಳುತ್ತಾರೆ. ಲೆಕ್ಕದ ನಡುವೆ ಒಂದು ಅಂಕಿಯನ್ನು ಅವರು ಸ್ಟ್ಯಾಕಿನ ಮೇಲೆ, ಅಂದರೆ ಚಿಪ್ಪು ತಾನು ಮರಳಬೇಕಾದ ವಿಳಾಸ ಇಟ್ಟುಕೊಳ್ಳುವ ಜಾಗದ ಮೇಲೆಯೇ, ಇಟ್ಟಿದ್ದರು. ಲೆಕ್ಕ ಮುಗಿದು ಹೊರಬರುವ ಕಡೆ ಅದನ್ನು ತೆಗೆದೂ ಇದ್ದರು. ಆದರೆ ನೀರು ಕೆಂಪು ಗೆರೆ ದಾಟಿದರೆ ಮಾತ್ರ ಚಿಪ್ಪು ಹಿಡಿಯುವ, ಹೊರಬರುವ ಇನ್ನೊಂದು ದಾರಿಯನ್ನು ಕಂಪೈಲರ್ ಇಟ್ಟಿತ್ತು. ಅಲ್ಲಿ ವೆನಿಂಗ್ ಅದನ್ನು ತೆಗೆದಿರಲಿಲ್ಲ. ಆ ಅಂಕಿಯನ್ನೇ ವಿಳಾಸವೆಂದು ನಂಬಿ ಚಿಪ್ಪು ಎಲ್ಲೋ ಹೋಗಿ ಬೀಳುತ್ತಿತ್ತು. ಕಚೇರಿಯಲ್ಲಿ ಸೆನ್ಸರ್ ಪರೀಕ್ಷಿಸಿದ ಬಕೆಟ್ಟಿನಲ್ಲಿ ನೀರು ಆ ಗೆರೆ ಮುಟ್ಟಿದ್ದೇ ಇಲ್ಲ.

ಬಿಟ್ಟಿದ್ದ ಸಾಲನ್ನು ಸೇರಿಸುತ್ತಾರೆ. ಪಂಪು ಶುರುವಾಗುತ್ತದೆ. ಕೆಮ್ಮುವುದಿಲ್ಲ. ಜುಮಿರಾ ಅವರ ಹೊಸ್ತಿಲಿನಿಂದ ನೀರು ಮೆಲ್ಲಗೆ ಹಿಂದೆ ಸರಿಯುತ್ತದೆ. ಅವರು ತಟ್ಟೆಯಲ್ಲಿ ಸೋಯಾಕಾಳಿನ ಬಿಸಿ ತೆಂಪೆ ತಂದಿಟ್ಟು, ಎಲ್ಲರಿಗೂ ನಿಮ್ಮ ಹೆಸರು ಹೇಳುತ್ತೇನೆ ಎನ್ನುತ್ತಾರೆ.

“ಬೇಡ ಬು,” ವೆನಿಂಗ್ ಒದ್ದೆ ಚಪ್ಪಲಿ ಹುಡುಕುತ್ತಾರೆ. “ಮುಂದಿನ ಉಬ್ಬರಕ್ಕೆ ಯಾರಿಗೂ ನನ್ನ ನೆನಪೇ ಆಗದಿದ್ರೆ ಸಾಕು.”