ನಕ್ಷೆಯಿಂದ ಅಳಿಸಿದ ಕೋಣೆ

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಸ್ಪಾ ತೆರೆಯಲು ಹೊರಟ ಬಸವಕಿರಣ ಒಳಾಂಗಣ ವಿನ್ಯಾಸಕ್ಕೆ ಕರುಣಾಳನ್ನು ಕರೆದಾಗ ಅವಳು ಹಿಗ್ಗಿದ್ದಳು. ಅಲ್ಲಿಯವರೆಗೆ ಅವಳ ಕೈಗೆ ಬಂದದ್ದೆಲ್ಲ ಅಡುಗೆಮನೆಯ ಕಪಾಟು, ದೇವರಕೋಣೆ, ಟಿವಿ ಇಡುವ ಗೋಡೆ. ಜನ ಬಂದು ದಣಿವು ಇಳಿಸಿಕೊಳ್ಳುವ ಜಾಗವೊಂದನ್ನು ಪೂರ್ತಿಯಾಗಿ ರೂಪಿಸುವ ಕೆಲಸ ಅದೇ ಮೊದಲು.

ಬಸವಕಿರಣ ಹತ್ತಿ ವ್ಯಾಪಾರಿಗಳ ಮನೆಯವನು, ಮಾತಿನಲ್ಲಿ ಬಲು ಮೃದು. ‘ಒಳಗ ಮಲಗಿದವರಿಗೆ ರಸ್ತೇದ ಹಾರ್ನ್ ಕೇಳಬಾರದು ನೋಡ್ರಿ ಮೇಡಂ,’ ಅಂದಿದ್ದ.

ಕರುಣಾ ಮೈಮರೆತು ದುಡಿದಳು. ಒದ್ದೆ ಕಾಲು ಜಾರದಂಥ ಕಲ್ಲು ಆರಿಸಿದಳು. ಮಲಗಿದವರ ಕಣ್ಣಿಗೆ ಕುಕ್ಕದಂತೆ ದೀಪಗಳನ್ನು ಗೋಡೆಯ ಬುಡಕ್ಕೆ ಇಳಿಸಿದಳು. ಹಿಂಭಾಗದಲ್ಲಿ ಬೇವಿನ ಮರದ ಕಡೆಗಿದ್ದ ಕಿಟಕಿಗೆ ಹೊಂದಿಸಿ, ಮಾಲೀಸು ಮಾಡುವ ಹೆಂಗಸರಿಗೆಂದು ನಕ್ಷೆಯಲ್ಲಿ ಪುಟ್ಟ ಕೋಣೆ ಬರೆದಳು: ಒಂದು ಬೆಂಚು, ಒಂದು ನಲ್ಲಿ, ಬುತ್ತಿ ಬಿಚ್ಚಲು ಮೇಜು. ಅವಳ ತಾಯಿ ಕಸ್ತೂರೆವ್ವ ನರ್ಸಾಗಿ ದುಡಿದವಳು. ಸಂಜೆ ಮನೆಗೆ ಬಂದವಳೇ ಬಾತ ಕಾಲುಗಳನ್ನು ಗೋಡೆಗೆ ಎತ್ತಿಟ್ಟು ಮಲಗುತ್ತಿದ್ದಳು. ಅದನ್ನು ನೋಡುತ್ತಲೇ ಕರುಣಾ ಬೆಳೆದಿದ್ದಳು.

ನಕ್ಷೆ ನೋಡಿದ ಬಸವಕಿರಣನ ಬೆರಳು ಅಲ್ಲೇ ನಿಂತಿತು.

‘ಇದೇನ್ರಿ?’

‘ಕೆಲಸದವರಿಗೆ ಕುಂಡ್ರಾಕ್ರಿ.’

‘ಕಿಟಕಿ ಇರೋ ಖೋಲಿ ಅವರಿಗ್ಯಾಕ್ರಿ? ಅಲ್ಲೊಂದು ಮಾಲೀಸಿನ ಮಂಚ ಹಾಕ್ರಿ.’

‘ಇಡೀ ದಿನ ನಿಂತು ಮಾಡೋ ಕೆಲಸ ಅದು. ನಡುವ ಕುಂಡ್ರಲಿಕ್ಕರ ಜಾಗಾ ಬೇಕಲ್ರಿ?’

‘ಖರೇ ಐತ್ರಿ ಮೇಡಂ. ಮುಂದ ನೋಡೋಣಂತ.’

ಆತ ದನಿ ಏರಿಸಲಿಲ್ಲ. ಅದಕ್ಕೇ ಅವಳಿಗೆ ಜಗಳ ತೆಗೆಯಲೂ ಆಗಲಿಲ್ಲ. ಕೆಲಸ ಬಿಟ್ಟು ಎದ್ದುಹೋದರೆ ಬೇರೆ ಯಾರೋ ಬಂದು ಆ ಮಂಚ ಹಾಕುತ್ತಾರೆ, ಅಷ್ಟೇ. ತಾರಿಹಾಳದ ವರ್ಕ್‌ಶಾಪಿನಲ್ಲಿ ಸ್ಪಾದ ಬಾಗಿಲುಗಳಿಗೆ ಮರ ಕೊಯ್ಯುವುದು ಆಗಲೇ ಶುರುವಾಗಿತ್ತು. ಬೆಂಚು, ನಲ್ಲಿ, ಮೇಜು ಎಲ್ಲವನ್ನೂ ಕರುಣಾ ತಾನೇ ಅಳಿಸಿದಳು.

ಉದ್ಘಾಟನೆಗೆ ಬಂದವರೆಲ್ಲ ಹೊಗಳಿದರು. ಕೆಲವು ವಾರಗಳ ನಂತರ ಹಬೆಕೋಣೆಯ ಗೋಡೆ ಬೆವರುತ್ತಿದೆಯೆಂದು ಕರೆ ಬಂತು. ನೋಡಲು ಹೋದವಳಿಗೆ ಮೆಟ್ಟಿಲ ಮೇಲೆ ಕುಳಿತು ರೊಟ್ಟಿ ತಿನ್ನುತ್ತಿದ್ದ ಹೆಂಗಸೊಬ್ಬಳು ಕಂಡಳು. ಮೇಲಿನ ಮಹಡಿಯ ಜಿಮ್ಮಿಗೆ ಹೋಗುವವರಿಗಾಗಿ ಅವಳು ಮತ್ತೆ ಮತ್ತೆ ಗೋಡೆಗೆ ಸರಿಯುತ್ತಿದ್ದಳು.

‘ಒಳಗ ಕುಂಡ್ರಬಾರದೇನ್ರಿ ಅಕ್ಕಾರ?’

‘ಒಳಗ ಎಲ್ಲೈತ್ರಿ ಜಾಗಾ? ಚಟ್ನಿ ವಾಸನಿ ಗಿರಾಕಿಗೆ ಬರಬಾರದಂತ.’

ಹೆಸರು ಸಾವಕ್ಕ. ತನ್ನೂರು ಅಮ್ಮಿನಬಾವಿಯಲ್ಲಿ ಬಾಣಂತಿಯರಿಗೆ ಎಣ್ಣೆ ಹಚ್ಚಿ ನೀರೆರೆಯುತ್ತಿದ್ದವಳು, ಈಗ ದಿನಾ ಬಸ್ಸು ಹಿಡಿದು ಇಲ್ಲಿ ಮಾಲೀಸಿಗೆ ಬರುತ್ತಾಳೆ. ಕರುಣಾ ಯಾರೆಂದು ತಿಳಿದಾಗ ಅವಳ ಮುಖ ಅರಳಿತು.

‘ಇದೆಲ್ಲಾ ನೀವ ಮಾಡಿಸಿದ್ದೇನ್ರಿ? ಭಾಳ ಛಂದ ಆಗೇತಿ. ನಮಗೊಂದೀಟು ಜಾಗಾ ಇಡೋದು ಮರತ್ರಿ ನೋಡ್ರಿ.’

ಕರುಣಾ ಮರೆತಿರಲಿಲ್ಲ; ಬರೆದು, ತಾನೇ ಅಳಿಸಿದ್ದಳು. ಅದನ್ನು ಹೇಳಿದ್ದರೆ ಸಾವಕ್ಕನಿಗೆ ಸಿಗುತ್ತಿದ್ದುದಾದರೂ ಏನು?

ಮರುದಿನ ಕರುಣಾ ಮೆಟ್ಟಿಲ ತಿರುವಿನಲ್ಲಿ ಎರಡು ಮಡಚುವ ಕುರ್ಚಿ ಹಾಕಿಸಿದಳು. ದಾರಿಗೆ ಅಡ್ಡವೆಂದು ವಾಚ್‌ಮನ್ ಸಂಜೆಯೊಳಗೆ ಎತ್ತಿಸಿದ. ಬಸವಕಿರಣನಿಗೆ ಫೋನ್ ಮಾಡಿದರೆ ಆತ ಎಂದಿನಂತೆ ಕೇಳಿಸಿಕೊಂಡ. ‘ನೋಡೋಣ್ರಿ ಮೇಡಂ. ಅಂದಂಗ, ಧಾರವಾಡದಾಗ ಇನ್ನೊಂದು ತೆರೀಬೇಕಂತ ಮಾಡೇನಿ. ನೀವ ಬರಬೇಕ್ರಿ.’

‘ಅಲ್ಲಿ ಅವರಿಗೊಂದು ಖೋಲಿ ಕೊಡ್ತೀರೇನ್ರಿ?’

‘ಮೊದಲ ಜಾಗಾ ನೋಡ ಬರ್ರಿ.’

ಹೋಗಬಾರದು ಅಂದುಕೊಂಡೇ ಹೋದಳು. ಆ ಜಾಗ ಹುಬ್ಬಳ್ಳಿಯದಕ್ಕಿಂತ ಚಿಕ್ಕದಿತ್ತು. ಎಷ್ಟು ಮಂಚ ಹಿಡಿಸಬಹುದೆಂದು ಬಸವಕಿರಣ ಉತ್ಸಾಹದಿಂದ ಅಳೆಯತೊಡಗಿದ್ದ. ಅಳತೆಪಟ್ಟಿಯ ಇನ್ನೊಂದು ತುದಿ ಅವಳತ್ತ ಚಾಚಿದ. ಕರುಣಾ ಹಿಡಿದುಕೊಂಡಳು.